‘ಫೋನ್ ಕರ್ನಾ ಚಾಹಿಯೇ ಥಾ’: ಇಂಗ್ಲಿಷಿನಲ್ಲಿ ಹೇಳಿಸಿದ ಬಗೆ

ಬೆಂಗಳೂರಿಗೆ ಕೆಲಸಕ್ಕೆ ಬಂದ ಹಿಂದಿ ಮಾತಿನ ಹುಡುಗರಿಗೆ ನಾನು ಸಂಜೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಕಾನ್ಪುರದ ಹುಡುಗನೊಬ್ಬ ಹೇಳದೆ ರಜೆ ಹಾಕಿದ್ದ. ಮರುದಿನ ಮ್ಯಾನೇಜರ್ ಹತ್ತಿರ ಹೋಗಿ ‘ಐ ಶುಡ್ ಕಾಲ್ ಯೂ’ ಅಂದನಂತೆ. ಅವನು ಕೇಳಿದ್ದು ಕ್ಷಮೆ: ‘ಫೋನ್ ಕರ್ನಾ ಚಾಹಿಯೇ ಥಾ’, ಅಂದರೆ ‘ಫೋನ್ ಮಾಡಬೇಕಿತ್ತು’ ಅಂತ. ಅದಕ್ಕೆ ‘ಐ ಶುಡ್ ಹ್ಯಾವ್ ಕಾಲ್ಡ್ ಯೂ’ ಅನ್ನಬೇಕಿತ್ತು. ಅವರಿಗೆ ಕೇಳಿಸಿದ್ದು ‘ನಿಮಗೆ ಫೋನ್ ಮಾಡಬೇಕು’ ಅಂತ. ‘ಸರಿ, ಮಾಡು’ ಅಂದು ಹೊರಟುಹೋದರು. ಅವನು ಇದನ್ನು ಹೇಳುವಾಗ ನನಗೆ ತುಂಬಾ ಸಂಕಟವಾಯಿತು.

ಅಲ್ಲಿಯವರೆಗೆ ನಾನು ಬೋರ್ಡಿನ ಮೇಲೆ ಸೂತ್ರ ಬರೆಯುತ್ತಿದ್ದೆ. ಶುಡ್, ಹ್ಯಾವ್, ಆಮೇಲೆ ಕ್ರಿಯಾಪದದ ಮೂರನೇ ರೂಪ. ಬರೆಯುವಾಗ ಸರಿ ಬರುತ್ತಿತ್ತು. ಬಾಯಿ ಬಿಟ್ಟರೆ ‘ಶುಡ್ ಹ್ಯಾಡ್ ಗಾನ್’, ‘ಶುಡ್ ಹ್ಯಾವ್ ವೆಂಟ್’. ಹಿಂದಿಯ ‘ಥಾ’ (ಇತ್ತು) ಇದ್ದ ಕಡೆ ‘ಹ್ಯಾಡ್’ ಬರಬೇಕು ಅನ್ನುವುದು ಅವರ ಲೆಕ್ಕ.

ಸೂತ್ರ ಬಿಟ್ಟೆ. ಹಿಂದಿಯಿಂದಲೇ ಶುರು ಮಾಡಿದೆ. ಮೊದಲ ಪ್ರಶ್ನೆ: ಹೋದೆಯೋ, ಇಲ್ಲವೋ? ‘ಜಾನಾ ಚಾಹಿಯೇ ಥಾ’ (ಹೋಗಬೇಕಿತ್ತು) ಅಂದರೆ ಹೋಗಲಿಲ್ಲ, ‘ಶುಡ್ ಹ್ಯಾವ್ ಗಾನ್’. ‘ಜಾ ಸಕ್ತಾ ಥಾ’ (ಹೋಗಬಹುದಿತ್ತು), ಆದರೂ ಹೋಗಲಿಲ್ಲ, ‘ಕುಡ್ ಹ್ಯಾವ್ ಗಾನ್’. ‘ಜಾನಾ ಪಡಾ’ (ಹೋಗಬೇಕಾಯಿತು) ಅಂದರೆ ಹೋಗಿದ್ದಾಯಿತು, ‘ಹ್ಯಾಡ್ ಟು ಗೋ’ ಸಾಕು.

ಜಾಸ್ತಿ ಹೊತ್ತು ಹಿಡಿದದ್ದು ‘ಹೋಗಾ’. ‘ವಹ್ ಪಹುಂಚ್ ಗಯಾ ಹೋಗಾ’ (ಅವನು ತಲುಪಿರಬೇಕು) ಅನ್ನುವುದು ಊಹೆ, ಆದರೆ ರೂಪ ಮುಂದಿನ ಕಾಲದ್ದು. ಅದಕ್ಕೇ ‘ಹಿ ವುಡ್ ಹ್ಯಾವ್ ರೀಚ್ಡ್’ ಅಂತಾರೆ. ಹೊರದೇಶದವರು ಅದನ್ನು ಕೇಳಿದರೆ ‘ಬಸ್ ತಪ್ಪದಿದ್ದರೆ’ ಅನ್ನುವಂಥ ಮಾತಿಗೆ ಕಾಯಬಹುದು, ಅಂದರೆ ಅವನು ತಲುಪಲಿಲ್ಲ ಅಂತ ತಿಳಿಯಬಹುದು. ಇಲ್ಲಿ ಬೇಕಾದದ್ದು ‘ಮಸ್ಟ್ ಹ್ಯಾವ್’. ಹಿಂದಿಯಲ್ಲಿ ‘ಶಾಯದ್’ (ಬಹುಶಃ) ಸೇರಿಸುವಷ್ಟು ಅನುಮಾನವಿದ್ದರೆ ‘ಮೈಟ್ ಹ್ಯಾವ್’. ಕನ್ನಡದವರಿಗೆ ಈ ಜಾಗ ಸಲೀಸು. ‘ಹೋಗಲೇಬೇಕು’, ‘ತಲುಪಿರಬೇಕು’ ಎರಡರಲ್ಲೂ ನಮ್ಮ ‘ಬೇಕು’ ಇದೆ, ‘ಮಸ್ಟ್’ ಕೂಡ ಹಾಗೇ ಎರಡೂ ಕೆಲಸ ಮಾಡುತ್ತದೆ ಅಲ್ವಾ?

ಉಚ್ಚಾರಣೆಗೆ ಬಂದರೆ, ‘ಹ್ಯಾವ್’ ಅನ್ನು ಒತ್ತಿ ಹೇಳಬೇಡಿ. ‘ಶುಡವ್’, ‘ಮಸ್ಟವ್’ ಅಂತ ಒಂದೇ ಉಸಿರಿಗೆ ಬರಲಿ. ಬೇರೆ ಬೇರೆ ಪದ ಅಂದುಕೊಂಡು ಹುಡುಕುವಾಗಲೇ ‘ಹ್ಯಾವ್’ ಬಿಟ್ಟುಹೋಗುವುದು. ಈಗ ಪ್ರತಿ ದಿನ ತರಗತಿಯ ಮೊದಲ 10 ನಿಮಿಷ ಪುಸ್ತಕ ತೆಗೆಯುವುದಿಲ್ಲ. ನಿನ್ನೆ ಮಾಡದೆ ಬಿಟ್ಟ ಒಂದು ಕೆಲಸವನ್ನು ಒಬ್ಬ ಹೇಳುತ್ತಾನೆ, ಯಾಕೆ ಬಿಟ್ಟಿರಬೇಕು ಅಂತ ಪಕ್ಕದವನು ಊಹಿಸುತ್ತಾನೆ.