ಹತ್ತು ತಿಂಗಳ ಕರಾರಿನ ಮಿಡ್‌ಫೀಲ್ಡರ್

ಕಾಲ್ಚೆಂಡಾಟದಿಂದ ಹೊಟ್ಟೆ ಹೊರೆದುಕೊಂಡ ವರ್ಷಗಳಲ್ಲಿ ನಾನು ಯಾವ ಕ್ಲಬ್ಬಿನೊಂದಿಗೂ ಒಂದು ಋತುವಿಗಿಂತ ದೀರ್ಘವಾದ ಕರಾರು ಮಾಡಿಕೊಂಡವನಲ್ಲ. ಕರಾರಿನ ಅವಧಿ ಹೆಚ್ಚೆಂದರೆ ಹತ್ತು ತಿಂಗಳು. ಋತು ಮುಗಿದ ಮೇಲಿನ ಬೇಸಗೆಗೆ ಸಂಬಳವಿಲ್ಲ. ಬೆಂಗಳೂರಿನ ಸೂಪರ್ ಡಿವಿಷನ್, ರಾಷ್ಟ್ರಮಟ್ಟದ ಐ-ಲೀಗಿನ ಎರಡನೆಯ ಡಿವಿಷನ್, ಗೋವಾ ಮತ್ತು ಮುಂಬಯಿಯ ಲೀಗುಗಳು, ಕೊನೆಗೆ ಕೇರಳ ಪ್ರೀಮಿಯರ್ ಲೀಗ್, ಇಷ್ಟರೊಳಗೆ ನನ್ನ ವೃತ್ತಿಜೀವನ ಮುಗಿಯಿತು. ರಾಷ್ಟ್ರೀಯ ತಂಡದ ಶಿಬಿರಕ್ಕೆ ಕರೆ ಬರಲಿಲ್ಲ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪಂದ್ಯದಲ್ಲಿ ಮೈದಾನಕ್ಕಿಳಿಯಲಿಲ್ಲ. ಆದರೂ ಮಳೆಗಾಲದ ಮಧ್ಯದಲ್ಲಿ ಯಾವುದಾದರೊಂದು ಊರಿನಿಂದ ಫೋನು ಬರುತ್ತಿತ್ತು. ಆ ಫೋನು ಯಾಕೆ ಬರುತ್ತಿತ್ತು ಎಂಬುದನ್ನು ಹೇಳುವುದಷ್ಟೇ ಈ ಬರೆಹದ ಉದ್ದೇಶ. ದೊಡ್ಡ ಹೆಸರು ಮಾಡದೆಯೂ ಇದರಲ್ಲಿ ಬದುಕಲು ಸಾಧ್ಯವೇ ಎಂದು ನಮ್ಮ ಕಡೆಯ ಹುಡುಗರ ಮನೆಯವರು ಈಚೆಗೆ ಆಗಾಗ ಕೇಳುತ್ತಾರೆ.

ಕಾಸರಗೋಡು ಜಿಲ್ಲೆಯ ಕಾಲ್ಚೆಂಡಾಟ ಎಂದೊಡನೆ ಎಲ್ಲರ ಬಾಯಲ್ಲಿ ಬರುವುದು ದಕ್ಷಿಣದ ತುದಿಯಲ್ಲಿರುವ ತೃಕ್ಕರಿಪುರದ ಹೆಸರು. 2009-10ರ ಐ-ಲೀಗಿನಲ್ಲಿ 14 ಗೋಲು ಹೊಡೆದ ಮೊಹಮ್ಮದ್ ರಫಿ ಅಲ್ಲಿಯವರು. ಚೆಂಡು ಒದೆಯುವ ಹುಡುಗನಿಗೆ ಮುಂದಿನ ದಾರಿ ಹೇಳಬಲ್ಲ ಹಿರಿಯರಿಗೆ ಆ ಊರಿನಲ್ಲಿ ಕೊರತೆಯಿಲ್ಲ. ಉತ್ತರದಲ್ಲಿ ಮೊಗ್ರಾಲ್, ಉಪ್ಪಳದಂಥ ಕರಾವಳಿಯ ಊರುಗಳಿಗೂ ಆಟದ ನಂಟು ಹಳೆಯದು. ನಾನು ಹುಟ್ಟಿದ್ದು ಕುಂಬಳೆಯಿಂದ ಒಳಕ್ಕೆ, ಬದಿಯಡ್ಕದ ಕಡೆಯ ಅಡಿಕೆ ತೋಟಗಳ ನಡುವೆ. ಅಲ್ಲಿ ಹಬ್ಬಹರಿದಿನಗಳ ಪಂದ್ಯವೆಂದರೆ ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟ. ಕನ್ನಡ ಮಾಧ್ಯಮದ ನಮ್ಮ ಶಾಲೆಯ ಮೈದಾನ ಮುರಕಲ್ಲಿನ ಪದವು. ಜನವರಿಯ ಹೊತ್ತಿಗೆ ಹುಲ್ಲು ಒಣಗಿ ಕೆಂಪು ಜಲ್ಲಿ ಮೇಲೆದ್ದು, ಉರುಳಿ ಬರುವ ಚೆಂಡು ಯಾವ ಕಡೆಗೆ ಚಿಮ್ಮೀತೆಂದು ಹೇಳುವಂತಿರಲಿಲ್ಲ. ಇಂಥ ಮೈದಾನಗಳೇ ಒಳ್ಳೆಯ ಆಟಗಾರರನ್ನು ರೂಪಿಸುತ್ತವೆ ಎಂದು ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ನೆಲದ ಮೇಲೆ ಪಾಸು ಕೊಟ್ಟರೆ ತಲುಪುವ ಭರವಸೆಯಿಲ್ಲದ ಕಡೆ ಹುಡುಗರು ಚೆಂಡನ್ನು ಎತ್ತಿ ದೂರಕ್ಕೆ ಒದೆಯುವುದನ್ನೇ ಕಲಿಯುತ್ತಾರೆ, ಮತ್ತು ಆ ಅಭ್ಯಾಸವನ್ನು ಬಿಡಿಸಲು ಮುಂದೆ ಬಹಳ ಸಮಯ ಹಿಡಿಯುತ್ತದೆ.

ನನ್ನ ಮೊದಲ ಸಂಪಾದನೆ ಸೆವೆನ್ಸ್ ಪಂದ್ಯಾಟಗಳದು. ಮಳೆ ನಿಂತು ಗದ್ದೆಗಳ ಕೊಯ್ಲು ಮುಗಿದ ಮೇಲೆ ಮಲಬಾರಿನುದ್ದಕ್ಕೂ, ಕಾಸರಗೋಡಿನವರೆಗೆ, ರಾತ್ರಿ ಹೊತ್ತು ಫ್ಲಡ್‌ಲೈಟಿನ ಬೆಳಕಿನಲ್ಲಿ ಈ ಪಂದ್ಯಗಳು ನಡೆಯುತ್ತವೆ. ಒಂದು ತಂಡಕ್ಕೆ ಏಳು ಮಂದಿ, ಸಾಮಾನ್ಯವಾಗಿ 30 ನಿಮಿಷಗಳ ಎರಡು ಅವಧಿ, ಅಡಿಕೆ ಮರದ ಕಾಂಡಗಳನ್ನು ಬಿಗಿದು ಕಟ್ಟಿದ ಗ್ಯಾಲರಿ, ಘಾನಾ, ನೈಜೀರಿಯಾ, ಐವರಿ ಕೋಸ್ಟಿನಿಂದ ಬಂದ ಅತಿಥಿ ಆಟಗಾರರು. ದುಡ್ಡು ಪಂದ್ಯದ ಲೆಕ್ಕದಲ್ಲಿ, ಆ ರಾತ್ರಿಯೇ ಕೈಗೆ. ಚಿಕ್ಕ ಅಂಗಳದಲ್ಲಿ ಚೆಂಡು ಕೆಲವೇ ಸೆಕೆಂಡುಗಳಿಗೊಮ್ಮೆ ಕಾಲಿಗೆ ಬರುವುದರಿಂದ ಧೈರ್ಯವೂ ಮೈಗೆ ಮೈ ತಾಗಿಸಿ ನಿಲ್ಲುವ ಬಲವೂ ಬೇಗ ಬೆಳೆಯುತ್ತವೆ. ಆದರೆ ಮೈದಾನದ ನಡುಭಾಗದಲ್ಲಿ ಆಡುವ ಮಿಡ್‌ಫೀಲ್ಡರನ ಮುಖ್ಯ ಕೆಲಸವನ್ನು ಸೆವೆನ್ಸ್ ಕಲಿಸಲಾರದು. ಹನ್ನೊಂದು ಮಂದಿಯ ಆಟದಲ್ಲಿ 90 ನಿಮಿಷಗಳ ಪೈಕಿ ಒಬ್ಬನ ಕಾಲಿನಲ್ಲಿ ಚೆಂಡು ಇರುವುದು ಒಟ್ಟು ಎರಡೋ ಮೂರೋ ನಿಮಿಷ. ಉಳಿದ ಹೊತ್ತಿನಲ್ಲಿ ಅವನು ಸುಮಾರು ಹತ್ತು ಕಿಲೋಮೀಟರ್ ಓಡುತ್ತಾನೆ, ಮತ್ತು ಆ ಓಟದ ಹೆಚ್ಚಿನ ಪಾಲು ಪ್ರೇಕ್ಷಕರ ಕಣ್ಣಿಗೆ ಬೀಳುವುದೇ ಇಲ್ಲ.

ಬೆಂಗಳೂರಿನಲ್ಲಿ ಒಂದು ಇಲಾಖಾ ತಂಡ ನನ್ನನ್ನು ಗೌರವಧನದ ಮೇಲೆ ಅತಿಥಿ ಆಟಗಾರನಾಗಿ ತೆಗೆದುಕೊಂಡಿತು. ಊರಿನಲ್ಲಿ ನಾನು ಗೋಲು ಹೊಡೆಯುವವನಾಗಿದ್ದೆ. ಅಲ್ಲಿನ ಕೋಚ್ ಮೊದಲ ವಾರದಲ್ಲೇ ನನ್ನನ್ನು ಹಿಂದಕ್ಕೆ ಸರಿಸಿ ರಕ್ಷಣಾ ಸಾಲಿನ ಮುಂದೆ ನಿಲ್ಲಿಸಿದರು. ಅದರ ಹಿಂದಿನ ಲೆಕ್ಕಾಚಾರ ನನಗೆ ಅರ್ಥವಾದದ್ದು ನಂತರ. ನಮ್ಮ ದೇಶದ ಲೀಗುಗಳಲ್ಲಿ ಕ್ಲಬ್ಬುಗಳು ವಿದೇಶಿ ಆಟಗಾರರಿಗೆ ಹಣ ಸುರಿಯುವುದು ಗೋಲು ಹೊಡೆಯುವ ಸ್ಟ್ರೈಕರ್, ಅವನ ಹಿಂದೆ ನಿಂತು ಆಟ ಕಟ್ಟುವ ಪ್ಲೇಮೇಕರ್ ಮತ್ತು ರಕ್ಷಣಾ ಸಾಲಿನ ನಡುವಿನ ಸ್ಟಾಪರ್ ಸ್ಥಾನಗಳಿಗೆ. 2014ರಲ್ಲಿ ಆರಂಭವಾದಾಗ ಐಎಸ್‌ಎಲ್‌ನಲ್ಲಿ ಏಕಕಾಲಕ್ಕೆ ಆರು ವಿದೇಶಿಯರು ಮೈದಾನದಲ್ಲಿರಬಹುದಾಗಿತ್ತು. 2017ರಲ್ಲಿ ಅದು ಐದಕ್ಕೂ 2021-22ರಲ್ಲಿ ನಾಲ್ಕಕ್ಕೂ ಇಳಿಯಿತು. ಹೀಗಿರುವಾಗ ಭಾರತೀಯ ಮಿಡ್‌ಫೀಲ್ಡರನಿಗೆ ಉಳಿಯುವುದು ಒಂದೋ ರೆಕ್ಕೆಯ ಬದಿ, ಎಂದರೆ ಮೈದಾನದ ಅಂಚು, ಇಲ್ಲವೇ ಆ ವಿದೇಶಿ ಪ್ಲೇಮೇಕರನ ಪಕ್ಕದಲ್ಲಿ ನಿಂತು ಅವನು ಓಡದ ಓಟವನ್ನು ಓಡುವ ಕೆಲಸ. ರೆಕ್ಕೆಯ ಬದಿಗೆ ಬೇಕಾದ ವೇಗ ನನ್ನಲ್ಲಿರಲಿಲ್ಲ. ಆದ್ದರಿಂದ ಎರಡನೆಯದನ್ನು ಮನಸ್ಸಿಟ್ಟು ಕಲಿತೆ.

ಪ್ರತಿ ವರ್ಷ ಹೊಸ ತಂಡಕ್ಕೆ ಹೋಗುವವನಿಗೆ ಪರಿಚಯ ಬೆಳೆಸಿಕೊಳ್ಳಲು ತಿಂಗಳುಗಟ್ಟಲೆ ಕಾಲಾವಕಾಶವಿರುವುದಿಲ್ಲ. ಎರಡು ಅಭ್ಯಾಸಗಳ ನಂತರ ಬರುವ ಅಭ್ಯಾಸ ಪಂದ್ಯದಲ್ಲೇ ಕೋಚ್ ತೀರ್ಮಾನ ಮಾಡಿಬಿಡುತ್ತಾರೆ. ಆದುದರಿಂದ ನಾನು ಮೊದಲ ದಿನ ನೋಡುತ್ತಿದ್ದುದು ಚೆಂಡನ್ನಲ್ಲ, ಜೊತೆಗಾರರನ್ನು. ಸ್ಟಾಪರ್‌ಗಳಲ್ಲಿ ಎಡಗಾಲಿನವನು ಯಾರು, ಒತ್ತಡ ಬಿದ್ದಾಗ ಅವನು ಗೋಲ್‌ಕೀಪರಿನ ಕಡೆ ತಿರುಗುತ್ತಾನೋ ನನ್ನತ್ತ ನೋಡುತ್ತಾನೋ, ಮುಂದಕ್ಕೆ ನುಗ್ಗುವ ಅಭ್ಯಾಸ ಯಾವ ಬದಿಯ ವಿಂಗ್ ಬ್ಯಾಕ್‌ಗೆ, ಎಂದರೆ ಅಂಚಿನ ರಕ್ಷಕನಿಗೆ, ಹೆಚ್ಚು, ಚೆಂಡು ಕಳೆದುಕೊಂಡ ಮೇಲೆ ಪ್ಲೇಮೇಕರ್ ಹಿಂದಕ್ಕೆ ಓಡುತ್ತಾನೋ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾನೋ ಎಂಬಿವನ್ನು ಗಮನಿಸಿದರೆ ನಾನು ನಿಲ್ಲಬೇಕಾದ ಜಾಗ ತಾನಾಗಿಯೇ ಗೊತ್ತಾಗುತ್ತಿತ್ತು. ಗೋವಾದ ತಂಡವೊಂದರಲ್ಲಿ ಬಲಬದಿಯ ಬ್ಯಾಕ್ ಎದುರಾಳಿಯ ಕಾರ್ನರ್ ಕೋಲಿನವರೆಗೆ ಓಡುವವನು, ಹಿಂದಿರುಗುವಾಗ ನಡೆಯುವವನು. ಅವನು ಮಧ್ಯರೇಖೆ ದಾಟಿದ ಕೂಡಲೇ ನಾನು ಅವನು ಬಿಟ್ಟುಹೋದ ಜಾಗಕ್ಕೆ ಸರಿಯತೊಡಗಿದೆ. ಆ ಋತುವಿನಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಅದು. ಪತ್ರಿಕೆಗಳಲ್ಲಿ ಬಂದದ್ದು ಅಂಚಿನಿಂದ ಗೋಲಿನ ಮುಂದಕ್ಕೆ ಅವನು ಕಳಿಸಿದ ಕ್ರಾಸ್‌ಗಳ ಬಗ್ಗೆ. ಅದರಲ್ಲಿ ತಪ್ಪೇನೂ ಇಲ್ಲ, ಕ್ರಾಸ್‌ಗಳು ನಿಜಕ್ಕೂ ಚೆನ್ನಾಗಿದ್ದವು.

ಎರಡನೆಯ ವಿಷಯ ಚೆಂಡನ್ನು ಪಡೆಯುವ ರೀತಿ. ಸ್ಟಾಪರ್‌ನ ಕಾಲಿನಿಂದ ಪಾಸು ಹೊರಟು ನನಗೆ ತಲುಪುವುದರೊಳಗೆ ಒಂದು ಸಲ ಎಡ ಭುಜದಾಚೆ, ಒಂದು ಸಲ ಬಲ ಭುಜದಾಚೆ ನೋಡಬೇಕು. ಬೆನ್ನ ಹಿಂದೆ ಯಾರೂ ಇಲ್ಲದಿದ್ದರೆ ಮೈಯನ್ನು ಅರ್ಧ ತಿರುಗಿಸಿ, ಚೆಂಡನ್ನು ಹತ್ತಿರದ ಕಾಲಿನ ಮುಂದಿನಿಂದ ಹಾಯಗೊಟ್ಟು ಆಚೆಯ ಕಾಲಿನ ಒಳಬದಿಯಲ್ಲಿ ತೆಗೆದುಕೊಂಡರೆ ಮುಂದಿನ ಮೈದಾನವೆಲ್ಲ ಒಮ್ಮೆಗೇ ಕಣ್ಣಿಗೆ ಬರುತ್ತದೆ. ಯಾರಾದರೂ ಇದ್ದರೆ ಒಂದೇ ಸ್ಪರ್ಶದಲ್ಲಿ ಬಂದ ಕಡೆಗೇ ಮರಳಿಸಬೇಕು. ಇದಿಷ್ಟೇ. ಇದು ಗ್ಯಾಲರಿಯವರಿಗೆ ನೀರಸವಾಗಿ ಕಂಡೀತು. ಆದರೆ ಹೊಸ ತಂಡದ ಸ್ಟಾಪರ್ ಇಂಥವನಿಗೆ ಎರಡನೆಯ ಪಾಸನ್ನು ಹೆದರಿಕೆಯಿಲ್ಲದೆ ಕೊಡುತ್ತಾನೆ, ಮತ್ತು ಸ್ಟಾಪರ್‌ಗಳ ನಂಬಿಕೆ ಗಳಿಸಿದ ಮಿಡ್‌ಫೀಲ್ಡರನನ್ನು ಯಾವ ಕೋಚೂ ಸುಲಭದಲ್ಲಿ ಬೆಂಚಿಗೆ ಕಳಿಸುವುದಿಲ್ಲ. ಗೋಲ್‌ಕೀಪರಿನ ಉದ್ದ ಒದೆತಕ್ಕೆ ಇಬ್ಬರು ತಲೆಯೊಡ್ಡಿ ಜಿಗಿದಾಗ ಚೆಂಡು ಬೀಳುವ ಜಾಗವನ್ನು, ಎಂದರೆ ನಾವು ಸೆಕೆಂಡ್ ಬಾಲ್ ಎನ್ನುವುದನ್ನು, ಊಹಿಸುವುದೂ ಇದೇ ಕೆಲಸದ ಭಾಗ.

ಮೈದಾನದಲ್ಲಿ ಬಾಯಿ ಬಿಡದ ಮಿಡ್‌ಫೀಲ್ಡರ್ ಅರ್ಧ ಆಟಗಾರ. ಈ ವಿಷಯದಲ್ಲಿ ಗಡಿನಾಡಿನವನಾದ ನನಗೆ ಒಂದು ಅನುಕೂಲವಿತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಕಚೇರಿಯಲ್ಲಿ ಮಲಯಾಳ, ಅಂಗಡಿಸಾಲಿನಲ್ಲಿ ಕೊಂಕಣಿ ಕೇಳಿ ಬೆಳೆದವನಿಗೆ ಕಣ್ಣೂರಿನ ಹುಡುಗನನ್ನೂ ಮಡಗಾಂವಿನವನನ್ನೂ ಅವರವರ ಮಾತಿನಲ್ಲೇ ಎಚ್ಚರಿಸುವುದು ಕಷ್ಟವಾಗಲಿಲ್ಲ.

ಅದೇ ಗಡಿ ಕಾಗದಪತ್ರಗಳ ವಿಷಯದಲ್ಲಿ ಮಾತ್ರ ಅತ್ತ ದರಿ, ಇತ್ತ ಪುಲಿ. ಕಾಸರಗೋಡಿನ ಆಟಗಾರ ನೋಂದಣಿಯಲ್ಲಿ ಕೇರಳದವನು. ಮಂಗಳೂರಿನ ನೆಹರೂ ಮೈದಾನ ನಮಗೆ ರೈಲಿನಲ್ಲಿ ಒಂದು ಗಂಟೆಯ ದಾರಿ. ಕೇರಳದ ಆಯ್ಕೆ ಶಿಬಿರಗಳು ನಡೆಯುವ ಊರುಗಳಿಗೆ ರಾತ್ರಿಯಿಡೀ ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲೋ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲೋ ಹೋಗಬೇಕು. ಆದರೆ ಗಡಿಯ ತಲಪಾಡಿ ದಾಟಿ ಕರ್ನಾಟಕದ ಲೀಗಿನಲ್ಲಿ ಆಡಬೇಕಾದರೆ ಅಂತರರಾಜ್ಯ ವರ್ಗಾವಣೆ, ಹಿಂದಿನ ಕ್ಲಬ್ಬಿನ ನಿರಾಕ್ಷೇಪಣಾ ಪತ್ರ, ಎರಡೂ ರಾಜ್ಯ ಸಂಸ್ಥೆಗಳ ಒಪ್ಪಿಗೆ ಬೇಕು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಸಿಆರ್‌ಎಸ್ ಎಂಬ ಆನ್‌ಲೈನ್ ನೋಂದಣಿ ವ್ಯವಸ್ಥೆ ಬಂದ ಮೇಲೆ ಈ ಓಡಾಟ ಕಡಿಮೆಯಾಗಿದೆ. ಫಿಫಾ ನಿಯಮದ ಪ್ರಕಾರ ಒಂದು ಋತುವಿನಲ್ಲಿ ಆಟಗಾರ ಮೂರು ಕ್ಲಬ್ಬುಗಳಲ್ಲಿ ನೋಂದಾಯಿಸಿಕೊಳ್ಳಬಹುದಾದರೂ ಅಧಿಕೃತ ಪಂದ್ಯಗಳನ್ನು ಸಾಮಾನ್ಯವಾಗಿ ಎರಡಕ್ಕೆ ಮಾತ್ರ ಆಡಬಹುದು. ಈ ಲೆಕ್ಕ ತಿಳಿಯದೆ ಜನವರಿಯ ವರ್ಗಾವಣೆಯ ಹೊತ್ತಿನಲ್ಲಿ ಅವಕಾಶ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ದುಡ್ಡಿನ ಮಾತು. ಸಣ್ಣ ಕ್ಲಬ್ಬುಗಳಲ್ಲಿ ಮೊದಲ ಮೂರು ತಿಂಗಳು ಸಂಬಳ ಸರಿಯಾಗಿ ಬರುತ್ತದೆ, ತಂಡ ಸೋಲತೊಡಗಿದಾಗ ತಡವಾಗುತ್ತದೆ, ಪ್ರಾಯೋಜಕ ಕೈಬಿಟ್ಟಾಗ ನಿಂತುಹೋಗುತ್ತದೆ. ಒಂದು ಋತುವಿನಲ್ಲಿ ನನಗೂ ಹೀಗಾಯಿತು. ಕ್ಲಬ್ಬಿನ ಹೆಸರು ಇಲ್ಲಿ ಬೇಡ. ಎರಡು ತಿಂಗಳ ಸಂಬಳ ಬಾಕಿಯಾದರೆ, ಕ್ಲಬ್ಬಿಗೆ ಲಿಖಿತ ನೋಟಿಸು ಕೊಟ್ಟು ಕನಿಷ್ಠ 15 ದಿನಗಳ ಗಡುವು ನೀಡಿದ ಮೇಲೆ ನ್ಯಾಯಯುತ ಕಾರಣದಿಂದ ಕರಾರು ಮುರಿಯುವ ಹಕ್ಕನ್ನು ಫಿಫಾ 2018ರಲ್ಲಿ ತನ್ನ ವರ್ಗಾವಣೆ ನಿಯಮಗಳಿಗೆ ಸೇರಿಸಿತ್ತು. ಗೋವಾದ ಹಿರಿಯ ಜೊತೆಗಾರರೊಬ್ಬರು ಇದನ್ನು ನನಗೆ ತಿಳಿಸಿದರು. ನಾನು ಮ್ಯಾನೇಜರನೊಂದಿಗೆ ಜಗಳಕ್ಕೆ ಹೋಗಲಿಲ್ಲ, ಅಭ್ಯಾಸ ತಪ್ಪಿಸಲೂ ಇಲ್ಲ. ಏಕೆಂದರೆ ಅಭ್ಯಾಸಕ್ಕೆ ಬರಲಿಲ್ಲವೆಂಬುದನ್ನೇ ಅವರು ಕರಾರಿನ ಉಲ್ಲಂಘನೆಯೆಂದು ತೋರಿಸಬಹುದಿತ್ತು. ಸಹಿ ಮಾಡಿದ ಕರಾರಿನ ಪ್ರತಿ, ಬ್ಯಾಂಕ್ ಖಾತೆಯ ವಿವರ, ಇಮೇಲಿನಲ್ಲಿ ಕಳಿಸಿದ ನೋಟಿಸು, ಇವಿಷ್ಟನ್ನು ಜೋಡಿಸಿ ಫೆಡರೇಷನ್ನಿನ ಆಟಗಾರರ ಸ್ಥಾನಮಾನ ಸಮಿತಿಗೆ ದೂರು ಕೊಟ್ಟೆ. ಬಾಕಿಯ ಒಂದು ಭಾಗ ಮರು ವರ್ಷ ಬಂತು. ಬಾಯಿಮಾತಿನ ಬೋನಸ್ಸು ಬರಲಿಲ್ಲ, ಅದು ಕಾಗದದ ಮೇಲೆ ಇರಲೇ ಇಲ್ಲ.

ಸಂಬಳವಿಲ್ಲದ ಏಪ್ರಿಲ್-ಮೇ ತಿಂಗಳುಗಳೇ ಸೆವೆನ್ಸ್‌ನ ಸುಗ್ಗಿ. ಫೆಡರೇಷನ್ ಮಾನ್ಯ ಮಾಡದ ಆ ಪಂದ್ಯಗಳಲ್ಲಿ ನೋಂದಾಯಿತ ಆಟಗಾರರು ಬೇರೆ ಹೆಸರಿನಲ್ಲಿ ಇಳಿಯುವುದು ಮಲಬಾರಿನಲ್ಲಿ ಗುಟ್ಟೇನೂ ಅಲ್ಲ. ವೃತ್ತಿಗೆ ಬಂದ ಮೇಲೆ ನಾನು ಅದರಿಂದ ದೂರ ಉಳಿದೆ. ನಿಷೇಧದ ಭಯಕ್ಕಿಂತ ಹೆಚ್ಚಿನ ಕಾರಣ ಒಣಗಿ ಗಟ್ಟಿಯಾದ ಗದ್ದೆಯ ನೆಲ. ಅಲ್ಲಿ ಪಾದದ ಗಂಟು ಉಳುಕಿದರೆ ಚಿಕಿತ್ಸೆಯ ಖರ್ಚು ಕೊಡುವವರಿಲ್ಲ, ಮುಂದಿನ ಕರಾರಿನ ವೈದ್ಯಕೀಯ ತಪಾಸಣೆಯಲ್ಲಿ ಅದು ಸಿಕ್ಕಿಬೀಳುತ್ತದೆ. ಬೇಸಗೆಯಲ್ಲಿ ಅಡಿಕೆ ಸುಲಿಯುವ ಅಂಗಳದ ಲೆಕ್ಕ ಬರೆದು, ಮುಂಜಾವ ಕುಂಬಳೆಯ ಕಡಲ ಕರೆಯಲ್ಲಿ ಓಡಿ ದಿನ ಕಳೆಯುತ್ತಿದ್ದೆ. ದೇಹವನ್ನು ಹೆಚ್ಚು ದಣಿಸಿದ್ದು ಕೃತಕ ಹುಲ್ಲು. ಬೆಂಗಳೂರು, ಮುಂಬಯಿಯ ಅಂಗಳಗಳಲ್ಲಿ ದಿಢೀರನೆ ನಿಂತು ತಿರುಗುವಾಗ ಬೂಟು ನೆಲಕ್ಕೆ ಅಂಟಿಕೊಂಡು ತೊಡೆಸಂದಿನ ಸ್ನಾಯುಗಳ ಮೇಲೆ ಎಳೆತ ಬೀಳುತ್ತದೆ. ಉದ್ದ ಸ್ಟಡ್ಡಿನ ಬೂಟು ಬಿಟ್ಟು ಗಿಡ್ಡ, ಒತ್ತೊತ್ತು ಸ್ಟಡ್ಡುಗಳ ಬೂಟು ಹಾಕಿದ ಮೇಲೆ ನೋವು ಕಡಿಮೆಯಾಯಿತಾದರೂ ಪೂರ್ತಿ ಹೋಗಲಿಲ್ಲ. ಚಿಕಿತ್ಸೆಗೆ ನಮ್ಮ ಜಿಲ್ಲೆಯ ಎಲ್ಲರಂತೆ ಮಂಗಳೂರಿಗೇ ಹೋಗುತ್ತಿದ್ದೆ.

2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಲೀಗುಗಳು ನಿಂತಾಗ ಊರಿಗೆ ಬಂದೆ. ಕರ್ನಾಟಕದ ಕಡೆಯಿಂದ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದರಿಂದ ಮಂಗಳೂರಿನ ಫಿಸಿಯೋಥೆರಪಿ ಅರ್ಧಕ್ಕೇ ನಿಂತಿತು. ಆ ವಿರಾಮದ ನಂತರ ಸಿಕ್ಕಿದ್ದು ಕೇರಳ ಪ್ರೀಮಿಯರ್ ಲೀಗಿನ ಒಂದು ತಂಡ. ಕೋಚ್ ನನ್ನನ್ನು ಮತ್ತಷ್ಟು ಹಿಂದಕ್ಕೆ, ಸ್ಟಾಪರ್ ಜಾಗಕ್ಕೆ ಸರಿಸಿದರು. ಆಟವನ್ನು ಓದುವ ಕಣ್ಣು ಹಾಗೆಯೇ ಇತ್ತು. ತಿರುಗಿ ಓಡುವ ಕಾಲು ಇರಲಿಲ್ಲ. ಮುಂದಿನ ಮಳೆಗಾಲದಲ್ಲಿ ಫೋನು ಬರಲಿಲ್ಲ, ನಾನೂ ಯಾರಿಗೂ ಮಾಡಲಿಲ್ಲ.

ಈಗ ಕೋಚ್‌ಗಳಿಗಾಗಿ ಇರುವ ಫೆಡರೇಷನ್ನಿನ ಡಿ ಲೈಸೆನ್ಸ್ ಕೋರ್ಸು ಮುಗಿಸಿ, ಸಂಜೆ ಹೊತ್ತು ಊರಿನ ಹುಡುಗರಿಗೆ ಕಲಿಸುತ್ತಿದ್ದೇನೆ. ಮಗುವನ್ನು ಕರೆತರುವ ಮನೆಯವರಿಗೆ ಬೂಟು ಕೊಳ್ಳುವ ಮೊದಲು ಜನನ ಪ್ರಮಾಣಪತ್ರ, ಆಧಾರ್ ಮತ್ತು ಶಾಲೆಯ ದಾಖಲೆಗಳಲ್ಲಿ ಹೆಸರೂ ಹುಟ್ಟಿದ ದಿನವೂ ಒಂದೇ ರೀತಿ ಇವೆಯೇ ಎಂದು ನೋಡಿಕೊಳ್ಳಲು ಹೇಳುತ್ತೇನೆ. ಪಂಚಾಯತಿನವರು ಮಲಯಾಳದಿಂದ ಇಂಗ್ಲಿಷಿಗೆ, ಶಾಲೆಯವರು ಕನ್ನಡದಿಂದ ಇಂಗ್ಲಿಷಿಗೆ ಬರೆದ ಒಂದೇ ಹೆಸರು ಎರಡು ಕಡೆ ಎರಡು ಥರ ಇರುವುದು ನಮ್ಮಲ್ಲಿ ಸಾಮಾನ್ಯ, ಮತ್ತು ಹದಿಮೂರರ ವಯೋಮಿತಿಯ ಪಂದ್ಯಾಟಕ್ಕೆ ನೋಂದಣಿ ಮಾಡುವಾಗ ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಅಲ್ಲೇ. ಆ ತಿದ್ದುಪಡಿಗೆ ತಿಂಗಳುಗಳು ಬೇಕಾಗುವುದರಿಂದ, ಹುಡುಗ ಹತ್ತು ತುಂಬುವ ಮೊದಲೇ ಪಂಚಾಯತಿಗೆ ಅರ್ಜಿ ಕೊಡುವುದು ಒಳ್ಳೆಯದು.