ಕಾರ್ಖಾನೆಯಿಂದ ಊರಿಗೇನು ಬಂತು, ಊರಿಂದೇನು ಹೋಯಿತು: ಲೆಕ್ಕ ಹಾಕುವ ಬಗೆ

ಗ್ರಾಮಸಭೆಯಲ್ಲಿ ಆ ದಿನ ದೊಡ್ಡ ಗಲಾಟೆ. ಉಪ್ಪಿನಕಾಯಿ, ಸಾರಿನ ಪುಡಿ ಮಾಡುವ ಕಾರ್ಖಾನೆಯವರು ಬಣ್ಣದ ಪುಸ್ತಕ ಹಂಚಿದ್ದರು. ಶಾಲೆಗೆ ಕೊಟ್ಟ ಬೆಂಚು, ಬಸ್ ನಿಲ್ದಾಣದ ತಗಡಿನ ಮಾಡು, ಅಂಗನವಾಡಿಯ ನೀರಿನ ಫಿಲ್ಟರ್, ಎಲ್ಲದರ ಫೋಟೋ ಅದರಲ್ಲಿತ್ತು. ಹಿಂದಿನ ಸಾಲಿನಲ್ಲಿದ್ದವರೊಬ್ಬರು ಎದ್ದು, 'ಮೊದಲು ಹಳ್ಳದ ನೀರು ಕುಡಿದು ತೋರಿಸಿ' ಅಂದರು. 'ನಿಮ್ಮನೆ ಸೊಸೆಯೇ ಅಲ್ಲಿಗೆ ಕೆಲಸಕ್ಕೆ ಹೋಗ್ತಾಳಲ್ಲ ಮಾರಾಯ್ರೇ' ಅಂತ ಇನ್ನೊಂದು ಮೂಲೆಯಿಂದ ಉತ್ತರ ಬಂತು. ಪಿಡಿಒ ನನ್ನ ಕಡೆ ತಿರುಗಿದರು. 'ಸೆಕ್ರೆಟರಿಯವರೇ, ನೀವೇ ಒಂದು ಲೆಕ್ಕ ಹಾಕಿ ಕೊಡಿ.'

ನಾನು ಹೊಸನಗರ ತಾಲ್ಲೂಕಿನ ಒಂದು ಸೊಸೈಟಿಯಲ್ಲಿ 31 ವರ್ಷ ಲೆಕ್ಕ ಬರೆದವನು. ನಿವೃತ್ತಿಯಾದರೂ ಊರಿನವರಿಗೆ ಸೆಕ್ರೆಟರಿಯೇ. ಆಗಲಿ ಅಂದೆ. ನನಗೂ, ಬಿ.ಕಾಂ. ಓದುತ್ತಿರುವ ನನ್ನ ತಂಗಿಯ ಮಗಳಿಗೂ ಅದು ಐದು ತಿಂಗಳ ಕೆಲಸವಾಯಿತು. ನಿಮ್ಮ ಊರಿನ ಪಕ್ಕ ಕಾರ್ಖಾನೆಯೋ ರೆಸಾರ್ಟೋ ಕಲ್ಲು ಕ್ವಾರಿಯೋ ಇದ್ದರೆ ನೀವೂ ಹೀಗೆ ಮಾಡಬಹುದು. ನಾವು ಎಡವಿದ್ದನ್ನೂ ಹೇಳುತ್ತೇನೆ.

ಯಾವುದು 'ಊರು'?

ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ನಾವು ಮೊದಲು ಪಂಚಾಯ್ತಿ ಗಡಿಯನ್ನೇ ಹಿಡಿದೆವು. ತಪ್ಪು. ಕಾರ್ಖಾನೆಯ ನೀರು ಸೇರುವ ಹಳ್ಳ ಪಕ್ಕದ ಪಂಚಾಯ್ತಿಗೆ ಇಳಿಯುತ್ತದೆ. ಕೆಲಸದವರ ಬಸ್ಸು ರಿಪ್ಪನ್‌ಪೇಟೆ ಕಡೆಯಿಂದ ಬರುತ್ತದೆ. ಲಾರಿ ಓಡಾಡುವ ರಸ್ತೆ ಇನ್ನೆಲ್ಲಿಗೋ ಹೋಗುತ್ತದೆ. ನೀರು ಎಲ್ಲಿಗೆ ಹೋಗುತ್ತದೆ, ಜನ ಎಲ್ಲಿಂದ ಬರುತ್ತಾರೆ, ಲಾರಿ ಯಾರ ಮನೆ ಮುಂದೆ ಹಾಯುತ್ತದೆ, ಈ ಮೂರನ್ನು ಒಂದು ಹಾಳೆಯಲ್ಲಿ ಗೆರೆ ಎಳೆದು ನೋಡಿ. ಆ ಗೆರೆಗಳು ಮುಟ್ಟುವ ಮನೆಗಳೆಲ್ಲ ನಿಮ್ಮ ಲೆಕ್ಕದ ಊರು.

ಆಮೇಲೆ, ಕಾರ್ಖಾನೆ ಬರುವ ಮುಂಚೆ ಹೇಗಿತ್ತು ಅನ್ನೋದು ಬೇಕು. ಜನರ ನೆನಪನ್ನು ಪೂರ್ತಿ ನಂಬಬೇಡಿ. 2011ರ ಜನಗಣತಿಯ ಹಳ್ಳಿವಾರು ಅಂಕಿ ಸಿಗುತ್ತದೆ. ಶಾಲೆಯ ದಾಖಲಾತಿ ಪುಸ್ತಕ, ಪಂಚಾಯ್ತಿಯ ತೆರಿಗೆ ಬೇಡಿಕೆ ಮತ್ತು ವಸೂಲಿ ಲೆಕ್ಕ, ಸೊಸೈಟಿಯ ಸಾಲದ ಪಟ್ಟಿ, ಎಲ್ಲವೂ ಹಳೆಯ ಕಥೆ ಹೇಳುತ್ತವೆ.

ನಮ್ಮ ಕಡೆಯವರು ಇಲ್ಲೇ ಒಂದು ವಿಷಯಕ್ಕೆ ಎಚ್ಚರವಾಗಿರಬೇಕು. ಅಡಿಕೆ ದರ. 2014ರಲ್ಲಿ ಅಡಿಕೆ ದರ ಹಿಂದೆ ಕಾಣದ ಮಟ್ಟಕ್ಕೆ ಏರಿದಾಗ ಮನೆಮನೆಗೂ ಬೈಕು ಬಂತು, ಹೆಂಚು ಹೋಗಿ ಆರ್‌ಸಿಸಿ ಬಂತು. ಆ ವರ್ಷ ಕಾರ್ಖಾನೆ ಶುರುವಾಗಿದ್ದರೆ 'ನಮ್ಮಿಂದ ಊರು ಉದ್ಧಾರವಾಯಿತು' ಅಂತ ಅವರು ಬರೆದುಕೊಳ್ಳುತ್ತಿದ್ದರು. ಈಚೆಗೆ ಎಲೆಚುಕ್ಕೆ ರೋಗ ಬಂದು ಫಸಲು ಹೋಯಿತು. ಅದರ ನಷ್ಟವನ್ನು ಕಾರ್ಖಾನೆಯ ತಲೆಗೆ ಕಟ್ಟುವುದೂ ಅಷ್ಟೇ ತಪ್ಪು. ಅದಕ್ಕೇ ಕಾರ್ಖಾನೆಯ ಗಾಳಿಯೇ ಸೋಕದ, ಆದರೆ ಅದೇ ಅಡಿಕೆ, ಅದೇ ಮಳೆ ಇರುವ ಇನ್ನೊಂದು ಊರನ್ನು ಜೊತೆಗೆ ನೋಡಿ. ಎರಡು ಊರಲ್ಲೂ ಆದ ಬದಲಾವಣೆ ಕಾರ್ಖಾನೆಯದಲ್ಲ. ಇಲ್ಲಿ ಆಗಿ ಅಲ್ಲಿ ಆಗದೇ ಇದ್ದದ್ದನ್ನು ಮಾತ್ರ ಹಿಡಿದು ಮುಂದಕ್ಕೆ ಹೋಗಿ.

ಕೆಲಸ: ತಲೆ ಎಣಿಸಿದರೆ ಸಾಲದು

ಕಂಪನಿಯ ಪುಸ್ತಕದಲ್ಲಿ 'ಇಷ್ಟು ಜನಕ್ಕೆ ಉದ್ಯೋಗ' ಅಂತ ಒಂದು ದಪ್ಪ ಅಕ್ಷರದ ಅಂಕಿ ಇರುತ್ತದೆ. ಅದನ್ನು ತಾಳೆ ನೋಡಲು ಒಂದು ಸುಲಭ ದಾರಿ ಇದೆ. ಭವಿಷ್ಯನಿಧಿ ಸಂಸ್ಥೆ, ಅಂದರೆ ಇಪಿಎಫ್ಒ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕಿ. ಯಾವ ತಿಂಗಳು ಎಷ್ಟು ಜನರಿಗೆ ಪಿಎಫ್ ಕಟ್ಟಿದ್ದಾರೆ ಅನ್ನೋದು ಯಾರು ಬೇಕಾದರೂ ನೋಡುವ ಹಾಗೆ ಇದೆ. ಅಂಕಿ ಕಡಿಮೆ ಕಂಡರೆ ಕೂಡಲೇ ಕಳ್ಳರು ಅನ್ನಬೇಡಿ. ಗುತ್ತಿಗೆದಾರನ ಕೆಳಗೆ ದುಡಿಯುವವರ ಪಿಎಫ್ ಅವನ ಹೆಸರಲ್ಲಿ ಕಟ್ಟಿರುತ್ತದೆ. ಹಾಗಾಗಿ ಕೆಲಸದವರನ್ನೇ ಕೇಳಿ: 'ಸಂಬಳದ ಚೀಟಿಯಲ್ಲಿ ಯಾರ ಹೆಸರಿದೆ?' ಚೀಟಿಯೇ ಇಲ್ಲ ಅಂದರೆ ಅದನ್ನೂ ಬರೆದುಕೊಳ್ಳಿ. ತಿಂಗಳಿಗೆ 21,000 ರೂಪಾಯಿಯೊಳಗೆ ಸಂಬಳ ಇರುವವರಿಗೆ ಇಎಸ್ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ಇದೆಯಾ ಅಂತಲೂ ಕೇಳಿ. ಹೆರಿಗೆ, ಆಸ್ಪತ್ರೆ ಖರ್ಚಿನ ವಿಷಯ ಬಂದಾಗ ಈ ಒಂದು ಪ್ರಶ್ನೆಗೆ ಬಹಳ ಬೆಲೆ.

ಎಲ್ಲಿ ಕೇಳಬೇಕು? ಗೇಟಿನ ಮುಂದೆ ಖಂಡಿತ ಬೇಡ. ನಾನು ಅಲ್ಲೇ ನಿಂತು ಎರಡು ದಿನ ಹಾಳು ಮಾಡಿಕೊಂಡೆ. ಹೆಂಗಸರು ನನ್ನ ಮುಖ ನೋಡಿ 'ಎಲ್ಲಾ ಚೆನ್ನಾಗಿದೆ ಅಣ್ಣ' ಅಂದು ಬಸ್ಸು ಹತ್ತುತ್ತಿದ್ದರು. ತಂಗಿಯ ಮಗಳು ಅದೇ ಬಸ್ಸಿನಲ್ಲಿ ಒಂದು ವಾರ ಓಡಾಡಿದಳು. ಅವಳಿಗೆ ಎಲ್ಲಾ ಹೇಳಿದರು. ಅವಳು ಸಂಬಳ ಎಷ್ಟು ಅಂತ ಕೇಳಲೇ ಇಲ್ಲ. 'ಸಂಘದ ಕಂತು ಯಾರ ದುಡ್ಡಲ್ಲಿ ಕಟ್ತೀರಿ? ಎಟಿಎಂ ಕಾರ್ಡು ಯಾರ ಹತ್ರ ಇರುತ್ತೆ?' ಅಂತ ಕೇಳಿದಳು. ಕಾರ್ಡು ಗಂಡನ ಜೇಬಲ್ಲಿದ್ದರೆ ಸಂಬಳ ಬಂದರೂ ಅವಳ ಕೈಗೆ ಬಂದ ಹಾಗಲ್ಲ, ಅಲ್ವಾ? ಈ ಪ್ರಶ್ನೆ ನನಗಂತೂ ಹೊಳೆಯುತ್ತಿರಲಿಲ್ಲ.

ಮುಂಚೆ ಏನು ಮಾಡುತ್ತಿದ್ದಿರಿ ಅಂತ ಕೇಳಿದಾಗ ಹೆಚ್ಚಿನವರದು ಒಂದೇ ಉತ್ತರ: ಅಡಿಕೆ ಸುಲಿಯುವುದು, ನಟ್ಟಿ, ಹಾಳೆ ತಟ್ಟೆ ಘಟಕ. ಅಂದರೆ ಅವರು ಸುಮ್ಮನೆ ಮನೆಯಲ್ಲಿ ಕೂತಿರಲಿಲ್ಲ. ಈಗಿನ ವರ್ಷದ ಸಂಬಳದಿಂದ ಮುಂಚಿನ ವರ್ಷದ ದುಡಿಮೆ ಕಳೆಯಿರಿ. ಉಳಿದದ್ದಷ್ಟೇ ಕಾರ್ಖಾನೆ ತಂದದ್ದು. ವರ್ಷದ ಲೆಕ್ಕವೇ ಆಗಬೇಕು. ಸುಲಿಯುವ ಕೆಲಸ ಇರುವುದೇ ಕೆಲವು ತಿಂಗಳು. ಆ ದಿನಗಳ ಕೂಲಿಯನ್ನು ಮಾತ್ರ ಹೋಲಿಸಿದರೆ ಕಾರ್ಖಾನೆ ದಂಡ ಅನಿಸುತ್ತದೆ. ಆಷಾಢದಲ್ಲಿ ಜಡಿಮಳೆ ಹಿಡಿದು ಕೈಗೆ ಕಾಸಿಲ್ಲದ ದಿನಗಳನ್ನೂ ಸೇರಿಸಿದರೆ ಚಿತ್ರವೇ ಬೇರೆ.

ಇದೇ ಜಾಗದಲ್ಲಿ ನನಗೂ ನನ್ನ ಅಣ್ಣನಿಗೂ ಜಗಳವಾಯಿತು. ಅವನಿಗೆ ಮೂರು ಎಕರೆ ತೋಟ. 'ಸುಲಿಯೋಕೆ ಜನ ಸಿಗ್ತಿಲ್ಲ, ಕೂಲಿ ಏರಿದೆ, ಇದನ್ನು ನಷ್ಟದ ಕಾಲಂಗೆ ಹಾಕು' ಅಂದ. ನಾನು ಹಾಕಲಿಲ್ಲ. ತೋಟದವನಿಗೆ ನಷ್ಟವಾದದ್ದು ಸುಲಿಯುವವಳಿಗೆ ಲಾಭ. ಎರಡು ಕಾಲಂನಲ್ಲೂ ಬರೆದು, ಯಾರಿಗೆ ಅಂತ ಪಕ್ಕದಲ್ಲಿ ನಮೂದಿಸಿದೆ. 'ಊರಿಗೆ ಲಾಭ' ಅಂತ ಒಟ್ಟಾಗಿ ಬರೆದ ಕಡೆಯೆಲ್ಲ ಯಾರಿಗೆ ಅಂತ ಕೇಳಿ. ಅಣ್ಣ ಎರಡು ವಾರ ಮಾತು ಬಿಟ್ಟಿದ್ದ.

ಇನ್ನೊಂದು ಎಣಿಕೆ ಮಾಡಿ: ಬೆಂಗಳೂರಿಂದ ವಾಪಸ್ ಬಂದವರು ಎಷ್ಟು? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ವಯಸ್ಸಾದವರಿಬ್ಬರೇ. ನಮಗೆ ಸಿಕ್ಕವರು ನಾಲ್ಕೇ ಜನ. ಸಣ್ಣ ಅಂಕಿ ನಿಜ, ಆದರೆ ಆ ನಾಲ್ಕು ಮನೆಯವರನ್ನು ಕೇಳಿ ನೋಡಿ.

ಉದ್ರಿ ಪುಸ್ತಕ

ಐದು ತಿಂಗಳಲ್ಲಿ ನಮಗೆ ಅತಿ ಹೆಚ್ಚು ಕಲಿಸಿದ್ದು ಒಂದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. ಹೆಸರು ಮುಚ್ಚಿ, ತಾರೀಖು ಮತ್ತು ಮೊತ್ತ ಮಾತ್ರ ತೋರಿಸಿ ಅಂತ ಕೇಳಿದೆವು. ಅಂಗಡಿಯವರು ನನಗೆ ಹಳೆಯ ಪರಿಚಯ, ಒಪ್ಪಿದರು. ಮುಂಚೆ ಉದ್ರಿ ತೀರುತ್ತಿದ್ದುದು ಅಡಿಕೆ ಮಾರಿದ ಮೇಲೆ, ವರ್ಷಕ್ಕೆ ಒಂದೋ ಎರಡೋ ಸಲ. ಈಗ ಕಾರ್ಖಾನೆಗೆ ಹೋಗುವ ಮನೆಗಳದು ತಿಂಗಳು ತಿಂಗಳು ತೀರುತ್ತದೆ. ಅಂಗಡಿಯವರೂ ಶಿವಮೊಗ್ಗದಿಂದ ನಗದು ಕೊಟ್ಟೇ ಸಾಮಾನು ತರುತ್ತಾರೆ. ಇದು ಯಾವ ಬಣ್ಣದ ಪುಸ್ತಕದಲ್ಲೂ ಇರಲಿಲ್ಲ, ಕಂಪನಿಯವರಿಗೇ ಗೊತ್ತಿರಲಿಲ್ಲ.

ಅದೇ ಪುಸ್ತಕದಲ್ಲಿ ಇನ್ನೊಂದು ವಿಷಯ ಸಿಕ್ಕಿತು. 8, 9ನೇ ತಾರೀಖಿಗೆ ತೀರುತ್ತಿದ್ದ ಉದ್ರಿ ಎರಡು ತಿಂಗಳು 20 ದಾಟಿತ್ತು. ಸಂಬಳ ಮುಂದಿನ ತಿಂಗಳ 7ರೊಳಗೆ ಆಗಬೇಕು ಅನ್ನೋದು ಕಾನೂನು. ವಿಚಾರಿಸಿದಾಗ ಗೊತ್ತಾಯಿತು, ಕಂಪನಿ ಸರಿಯಾಗಿ ಕೊಟ್ಟಿದೆ, ಗುತ್ತಿಗೆದಾರ ತಡ ಮಾಡಿದ್ದಾನೆ.

ಕಂಪನಿ ಖರ್ಚು ಮಾಡುವ ನೂರು ರೂಪಾಯಿಯಲ್ಲಿ ಎಷ್ಟು ಇಲ್ಲಿ ಉಳಿಯುತ್ತದೆ ಅನ್ನೋದನ್ನೂ ಒಂದೊಂದೇ ಸಾಮಾನು ಹಿಡಿದು ನೋಡಿ. ನಮ್ಮ ಕಾರ್ಖಾನೆಗೆ ಮೆಣಸಿನಕಾಯಿ ಬರುವುದು ಬ್ಯಾಡಗಿಯಿಂದ, ಬಾಟಲಿ ಮತ್ತು ಲೇಬಲ್ಲು ಬೆಂಗಳೂರಿಂದ. ಇಲ್ಲಿಯದು ಅಂದರೆ ಮಾವಿನ ಮಿಡಿ, ನಿಂಬೆ, ಸೌದೆ, ಲಾರಿ ಬಾಡಿಗೆ, ಕ್ಯಾಂಟೀನಿನ ಹಾಲು ತರಕಾರಿ. ದರ ಮಾತ್ರ ಅಲ್ಲ, ದುಡ್ಡು ಎಷ್ಟು ದಿನಕ್ಕೆ ಬರುತ್ತದೆ ಅಂತ ಕೇಳಿ. ಉದ್ಯಮ್ ಎಂಬ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ ಇರುವ ಘಟಕಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಮಿಡಿ ಕೊಯ್ದು ಮೂಟೆ ಹೊತ್ತು ತರುವವನಿಗೆ ಎಲ್ಲಿಯ ನೋಂದಣಿ!

ಹಳ್ಳ, ಬಾವಿ, ಮಿಡಿ ಮರ

ನೀರಿನ ಲೆಕ್ಕ ಬೇಸಿಗೆಯಲ್ಲೇ ಮಾಡಿ. ಜುಲೈ ತಿಂಗಳ ಮಳೆಯಲ್ಲಿ ಯಾವ ಹಳ್ಳವೂ ಶುದ್ಧವೇ, ಅಷ್ಟು ನೀರು ಹರಿದುಹೋಗುತ್ತಿರುತ್ತದೆ. ಬಾವಿಗೆ ದೊಡ್ಡ ಸಲಕರಣೆ ಬೇಡ. ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ನೀರು ಯಾವ ಗಂಟಿಗಿದೆ ಅಂತ ವಾರಕ್ಕೊಮ್ಮೆ ಬರೆದಿಡಿ.

ಉಪ್ಪಿನಕಾಯಿ ಕಾರ್ಖಾನೆ ಅಂದ ಮೇಲೆ ಉಪ್ಪುನೀರಿನದೇ ತಕರಾರು. ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವ, ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರು ತಂದೆವು. ಕಾರ್ಖಾನೆಗಿಂತ ಮೇಲೆ ಹಳ್ಳದಲ್ಲಿ 40ರ ಆಸುಪಾಸು, ಕೆಳಗೆ 190. ಮ್ಯಾನೇಜರು, 'ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂವರೆಗೆ ಒಪ್ಪಿಗೆ ಇದೆ, ನಾವು ಅದರೊಳಗೇ ಇದ್ದೇವೆ' ಅಂದರು. ಅವರ ಮಾತು ಸುಳ್ಳಲ್ಲ. ಹಳ್ಳದ ನೀರು ಕೆಟ್ಟಿದೆ ಅಂದವರದೂ ಸುಳ್ಳಲ್ಲ, ನಾಲ್ಕೈದು ಪಟ್ಟು ಏರಿದೆ. ಎರಡನ್ನೂ ಬರೆದೆವು. ಈ ಮೀಟರಿಗೆ ಕರಗಿದ ಉಪ್ಪು ಗೊತ್ತಾಗುತ್ತದೆ, ರೋಗಾಣುವೋ ಬೇರೆ ವಿಷವೋ ಗೊತ್ತಾಗದು. ಅನುಮಾನ ಇದ್ದರೆ ಲ್ಯಾಬಿಗೇ ಕೊಡಬೇಕು.

ಮಿಡಿ ಮರದ ಕಥೆ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಒಬ್ಬ ಅಜ್ಜಿ ಹೇಳಿದ ಮೇಲೆ ಹೊಳೆ ದಂಡೆಗೆ ಹೋಗಿ ನೋಡಿದೆವು. ಕಾರ್ಖಾನೆ ಎಷ್ಟು ತಂದರೂ ಕೊಳ್ಳುತ್ತದೆ ಅಂತ ಆದ ಮೇಲೆ ಕೆಲವರು ಮರ ಹತ್ತಿ ಕೊಯ್ಯುವ ಬದಲು ಕೊಂಬೆಯನ್ನೇ ಕಡಿದಿದ್ದರು. ಕಡಿದವರು ಊರಿನವರೇ. ಆದರೆ ಕೊಳ್ಳುವವರು 'ಕೊಂಬೆ ಕಡಿದ ಮಿಡಿ ಬೇಡ' ಅಂದಿದ್ದರೆ ನಿಲ್ಲುತ್ತಿತ್ತು. ಹೀಗಾಗಿ ಪ್ರಶ್ನೆಗಳ ಕೊನೆಯಲ್ಲಿ 'ಇನ್ನೇನು?' ಅಂತ ಒಂದು ಖಾಲಿ ಜಾಗ ಬಿಡಿ.

ಕಾಗದ ಪತ್ರ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಂಪನಿ ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಕಟ್ಟಿ ಅದರ ವಾರ್ಷಿಕ ಲೆಕ್ಕ ನೋಡಬಹುದು. ಷೇರುಪೇಟೆಯ ಮೊದಲ 1,000 ಕಂಪನಿಗಳಲ್ಲಿ ಒಂದಾಗಿದ್ದರೆ ಪರಿಸರ, ಕೆಲಸಗಾರರು, ಸಮಾಜದ ಬಗ್ಗೆ ಲೆಕ್ಕ ಕೊಡುವ ಬಿಆರ್‌ಎಸ್‌ಆರ್ ಎಂಬ ವರದಿ ಕಡ್ಡಾಯ, ಅದು ಅವರ ಜಾಲತಾಣದಲ್ಲೇ ಇರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಅನುಮತಿಯ ಪ್ರತಿ ಬೇಕಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ, 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ನನ್ನ ಮೊದಲ ಅರ್ಜಿ ಇದೇ ಕಾರಣಕ್ಕೆ ವಾಪಸ್ ಬಂತು. ಲೆಕ್ಕ ಬರೆಯುವವನಿಗೆ ಪದ ಎಣಿಸಲು ಬರಲಿಲ್ಲ ಅಂತ ಮನೆಯಲ್ಲಿ ಎಲ್ಲರೂ ನಕ್ಕರು.

ಸಿಎಸ್ಆರ್, ಅಂದರೆ ಕಂಪನಿಗಳು ಸಮಾಜಕ್ಕೆಂದು ಮಾಡಬೇಕಾದ ಖರ್ಚಿನ ಬಗ್ಗೆ ಒಂದು ಮಾತು. ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ಇದ್ದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಖರ್ಚು ಮಾಡಲೇಬೇಕು. 2013ರ ಕಂಪನಿ ಕಾಯ್ದೆಯ 135ನೇ ಕಲಂ. ಅದರ ಪರಿಣಾಮವನ್ನು ಹೊರಗಿನವರಿಂದ ಅಳೆಯಿಸಬೇಕೆಂಬ ನಿಯಮ ಇರುವುದು ವರ್ಷಕ್ಕೆ ಸರಾಸರಿ 10 ಕೋಟಿ ಸಿಎಸ್ಆರ್ ಹೊಣೆ ಇರುವ ದೊಡ್ಡವರಿಗೆ, ಅದೂ 1 ಕೋಟಿ ಮೇಲಿನ ಯೋಜನೆಗಳಿಗೆ. ನಮ್ಮಂಥ ಊರಿನ ಕಾರ್ಖಾನೆಯನ್ನು ಅಳೆಯಲು ಯಾರೂ ಬರುವುದಿಲ್ಲ, ನಾವೇ ಮಾಡಬೇಕು. ದಾನ ಕೊಟ್ಟ ವಸ್ತುವಿನ ಬಿಲ್ಲು ನೋಡಬೇಡಿ, ವಸ್ತು ನೋಡಿ. ಅಂಗನವಾಡಿಯ ಫಿಲ್ಟರಿಗೆ ಕ್ಯಾಂಡಲ್ ಬದಲಾಯಿಸುವವರಿಲ್ಲದೆ ಅದರ ಮೇಲೆ ಅಕ್ಕಿ ಡಬ್ಬಿ ಕೂತಿತ್ತು. ಬೆಂಚು ಮಾತ್ರ ಚೆನ್ನಾಗಿವೆ.

ನಾಳೆ ಬಾಗಿಲು ಹಾಕಿದರೆ?

ಶಿವಮೊಗ್ಗ ಜಿಲ್ಲೆಯವರು ಈ ಪ್ರಶ್ನೆ ಬಿಡಬಾರದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ, ಕಾಗದ ಕಾರ್ಖಾನೆ ಹುಟ್ಟಿದ್ದು 1936ರಲ್ಲಿ. ಎರಡೂ ಸೇರಿ ಒಂದು ಪಟ್ಟಣವನ್ನೇ ಕಟ್ಟಿದವು. ಕಾಗದದ ಯಂತ್ರ ನಿಂತಾಗ ನೌಕರರು ಮಾತ್ರ ಕೆಟ್ಟಿದ್ದಲ್ಲ, ಅದಕ್ಕೆ ಸಕ್ಕರೆ ಘಟಕವೂ ಇದ್ದದ್ದರಿಂದ ಕಬ್ಬು ಬೆಳೆದವರಿಗೂ ಏಟು ಬಿತ್ತು. ಕುದುರೆಮುಖದಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿಗೆ ಅದು ಬೇಕಿತ್ತು. ಗಣಿಯನ್ನೇ ನಂಬಿದ್ದ ಟೌನ್‌ಶಿಪ್ಪು ಮಾತ್ರ ಬರಿದಾಯಿತು.

ಹಾಗಾಗಿ ಒಂದೊಂದು ಮನೆಯಲ್ಲೂ ಕೇಳಿ: ಮನೆಗೆ ಬರುವ ದುಡ್ಡಲ್ಲಿ ಕಾರ್ಖಾನೆಯದು ಎಷ್ಟು ಪಾಲು? ಆ ಸಂಬಳ ನಂಬಿ ಮಾಡಿದ ಸಾಲ ಎಷ್ಟು? ಅಲ್ಲಿ ಕಲಿತ ಕೆಲಸ ಬೇರೆ ಕಡೆ ನಡೆಯುತ್ತದಾ? ಪ್ಯಾಕಿಂಗ್ ಮಾಡುವವರಿಗಿಂತ ಬಾಯ್ಲರ್ ನೋಡಿಕೊಳ್ಳುವ ಹುಡುಗನ ಉತ್ತರ ಧೈರ್ಯವಾಗಿತ್ತು.

ಬರೆಯುವುದು, ಓದುವುದು

ಎರಡು ಹಾಳೆ ಸಾಕು. ಎಲ್ಲ ಕೂಡಿಸಿ ನೂರಕ್ಕೆ ಇಷ್ಟು ಅಂಕ ಅಂತ ಕೊಡಲು ಹೋಗಬೇಡಿ. ಉಪ್ಪಾದ ಹಳ್ಳವನ್ನೂ ತಿಂಗಳ ಸಂಬಳವನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಬರುವುದಿಲ್ಲ.

ಸಭೆಗೆ ಮುಂಚೆ ಕಂಪನಿಯವರಿಗೆ ಒಂದು ಪ್ರತಿ ಕೊಡಿ. ಮ್ಯಾನೇಜರು ಎರಡು ಕಡೆ ತಪ್ಪು ತೋರಿಸಿದರು. ಲಾರಿ ಬಾಡಿಗೆಯದು ನಮ್ಮದೇ ತಪ್ಪು, ತಿದ್ದಿದೆವು. ನೀರಿನದು ಒಪ್ಪಲಿಲ್ಲ, ಅವರ ಮಾತನ್ನೂ ನಮ್ಮ ಅಂಕಿಯ ಪಕ್ಕದಲ್ಲೇ ಬರೆದೆವು. ಸಭೆಯಲ್ಲಿ ಓದಿದ ಮೇಲೆ ಗುತ್ತಿಗೆದಾರನ ಸಂಬಳದ ವಿಷಯವನ್ನು ಅವರೇ ಎತ್ತಿ, ಮುಂದಿನ ತಿಂಗಳಿಂದ ನೋಡಿಕೊಳ್ಳುತ್ತೇವೆ ಅಂದರು. ನೋಡಿಕೊಂಡರೋ ಇಲ್ಲವೋ ಉದ್ರಿ ಪುಸ್ತಕ ಹೇಳುತ್ತದೆ.

ಮುಂದಿನ ಸಲ ಲೆಕ್ಕ ಹಾಕುವಾಗ ಅದೇ ಮನೆ, ಅದೇ ಬಾವಿ, ಅದೇ ತಿಂಗಳು ಇರಲಿ. ನಮ್ಮ ಗಂಟಿನ ಹಗ್ಗ ಈಗ ಅಂಗನವಾಡಿಯ ಬಾವಿಕಟ್ಟೆಯ ಮೇಲೇ ಇದೆ. ಏಪ್ರಿಲ್ ಮೊದಲ ವಾರದಿಂದ ಮತ್ತೆ ಇಳಿಸಬೇಕು.