ಹಳೆ ಮೀಟರ್‌ಗೇಜ್ ಒಡ್ಡಿನ ಮೇಲೆ ನಡಿಗೆ, ಸೈಕಲ್: ಹನ್ನೆರಡು ತಿಂಗಳೂ ಹೋಗುವುದು ಹೇಗೆ

ಹಳಿ ಕಿತ್ತ ರೈಲು ದಾರಿಯ ದೊಡ್ಡ ಗುಣ ಅಂದರೆ ಅದರ ಏರು ಕಾಲಿಗೆ ಗೊತ್ತಾಗುವುದಿಲ್ಲ. ಬಯಲುಸೀಮೆಯಲ್ಲಿ ರೈಲ್ವೆಯವರು ಸಾಮಾನ್ಯವಾಗಿ 100 ಮೀಟರಿಗೆ 1 ಮೀಟರ್‌ಗಿಂತ ಕಡಿದಾಗಿ ದಾರಿ ಏರಿಸುವುದಿಲ್ಲ, ಅಂದರೆ ಒಂದು ಕಿಲೋಮೀಟರಿಗೆ 10 ಮೀಟರ್. ಮೊಣಕಾಲು ನೋವಿನವರು, ಎಂಟು ವರ್ಷದ ಮಕ್ಕಳು, ಗೇರಿಲ್ಲದ ಹಳೆ ಸೈಕಲ್ಲಿನವರು, ಎಲ್ಲರಿಗೂ ಇದು ನಡೆಯುತ್ತದೆ. ಎರಡನೆಯ ಗುಣವೂ ಇದೆ, ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಅದೇ ಹೆಚ್ಚು ಮುಖ್ಯ: ಒಡ್ಡು ಹೊಲಕ್ಕಿಂತ ಎತ್ತರದಲ್ಲಿ ಇರುತ್ತದೆ, ಮೇಲೆ ಗರಸು ಹಾಕಿರುತ್ತಾರೆ, ನೀರು ಎರಡೂ ಬದಿಗೆ ಇಳಿದುಹೋಗುತ್ತದೆ. ಸುತ್ತ ಎರೆಮಣ್ಣು ಕೆಸರಾಗಿ ಕುಳಿತಾಗ ಒಡ್ಡಿನ ಮೇಲೆ ಕಾಲಿಡಲು ಬರುತ್ತದೆ.

ಹೊರದೇಶಗಳಲ್ಲಿ ಇಂಥ ದಾರಿಗಳನ್ನು ಸರ್ಕಾರವೇ ಮಾಡಿ ಕೊಟ್ಟಿದೆ. ಅಮೆರಿಕದ ವಿಸ್ಕಾನ್ಸಿನ್‌ನ ಎಲ್‌ರಾಯ್–ಸ್ಪಾರ್ಟಾ ದಾರಿ 1960ರ ದಶಕದ್ದು, ಅದರಲ್ಲಿ ಮೂರು ಸುರಂಗಗಳಿವೆ. ಸ್ಪೇನ್ 1993ರಿಂದ ಇದನ್ನೇ ಒಂದು ಯೋಜನೆಯಾಗಿ ನಡೆಸಿದೆ. ನ್ಯೂಜಿಲೆಂಡಿನ ಒಟಾಗೊ ದಾರಿ 150 ಕಿ.ಮೀ. ದಾಟುತ್ತದೆ. ಬೋರ್ಡು ಹಾಕಿ, ನೀರಿನ ನಲ್ಲಿ ಇಟ್ಟ ಅಂಥ ದಾರಿ ನಮ್ಮ ಮೂರು ಜಿಲ್ಲೆಗಳಲ್ಲಿ ಇನ್ನೂ ಆಗಿಲ್ಲ. ಗದಗ–ಬಾಗಲಕೋಟೆ–ವಿಜಯಪುರ–ಹೊಟಗಿ ಮತ್ತು ಲೋಂಡಾ–ಬೆಳಗಾವಿ–ಮೀರಜ್, ಎರಡೂ 1880ರ ದಶಕದ ಮೀಟರ್‌ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರದ) ಮಾರ್ಗಗಳು. ಬ್ರಾಡ್‌ಗೇಜ್ ಮಾಡುವಾಗ ಬಹುತೇಕ ಅದೇ ಒಡ್ಡನ್ನು ಬಳಸಿಕೊಂಡರು. ಇಂಥ ಕೆಲಸದಲ್ಲಿ ತಿರುವು ಸಡಿಲಿಸಿದಲ್ಲಿ ಅಥವಾ ಸೇತುವೆಯನ್ನು ಪಕ್ಕಕ್ಕೆ ಕಟ್ಟಿದಲ್ಲಿ ಮಾತ್ರ ಹಳೆ ಒಡ್ಡಿನ ತುಂಡು ಉಳಿಯುತ್ತದೆ. 284 ಕಿ.ಮೀ. ಹೊಟಗಿ–ಕೂಡಗಿ–ಗದಗ ಜೋಡಿ ಹಳಿ ಯೋಜನೆ ಅಂಥ ತುಂಡುಗಳಲ್ಲೂ ಕೆಲವನ್ನು ನುಂಗಿರಬಹುದು, ಆದ್ದರಿಂದ ಹಳೆ ನಕಾಶೆಯನ್ನಷ್ಟೇ ನಂಬಿ ಹೊರಡಬೇಡಿ. ಸಿಕ್ಕ ತುಂಡುಗಳನ್ನು ಚಕ್ಕಡಿ ದಾರಿ, ಕಾಲುವೆ ಪಕ್ಕದ ರಸ್ತೆಗಳ ಜೊತೆ ಹೊಲಿದು 15–25 ಕಿ.ಮೀ. ಸುತ್ತು ಮಾಡಿಕೊಳ್ಳುವುದೇ ಇಲ್ಲಿ ನಡೆಯುವ ರೀತಿ.

ತುಂಡು ಹುಡುಕುವುದು

ಸರ್ವೆ ಆಫ್ ಇಂಡಿಯಾದ ಹಳೆ ಟೊಪೊಶೀಟ್ (ನೆಲದ ವಿವರವಾದ ನಕಾಶೆ) ಹಿಡಿಯಿರಿ. ವಿಜಯಪುರ, ಬಾಗಲಕೋಟೆ ಎರಡೂ 47 ಪಿ ಹಾಳೆಯಲ್ಲಿ ಬರುತ್ತವೆ. ಬೆಳಗಾವಿ, ಖಾನಾಪುರ, ಲೋಂಡಾ 48 ಐ. ಅದರಲ್ಲಿನ ರೈಲು ಗೆರೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲಿಟ್ಟು ನೋಡಿ. ಎರಡೂ ಒಂದರ ಮೇಲೊಂದು ಕೂತರೆ ಅಲ್ಲಿ ಏನೂ ಸಿಗುವುದಿಲ್ಲ. ಎಲ್ಲಿ 50–300 ಮೀಟರ್ ಅಗಲಿ ಮತ್ತೆ ಕೂಡುತ್ತವೆಯೋ ಅಲ್ಲಿ ನಿಮ್ಮ ಕೆಲಸ. ದೊಡ್ಡ ಹಳ್ಳ, ಹೊಳೆ ದಾಟುವ ಜಾಗದ ಎರಡೂ ದಂಡೆಗಳನ್ನು ಮೊದಲು ನೋಡಬೇಕು.

ಚಿತ್ರದಲ್ಲಿ ಹಳೆ ಒಡ್ಡು ಹೊಲದ ಬದುವಿನಂತೆ ಮುರಿದು ತಿರುಗುವುದಿಲ್ಲ. ನಿಧಾನವಾಗಿ, ಉದ್ದಕ್ಕೆ ಬಾಗುತ್ತದೆ. ಎರಡೂ ಬದಿಗೆ ಜಾಲಿಕಂಟಿಯ ಸಾಲು, ನಡುವೆ ನಾಲ್ಕೈದು ಮೀಟರ್ ಅಗಲದ ತೆಳುಬಣ್ಣದ ಪಟ್ಟಿ ಕಂಡರೆ ಬಹುತೇಕ ಅದೇ. ಅನುಮಾನ ಇದ್ದರೆ ಎತ್ತರ ಅಳೆಯಿರಿ. ಒಂದು ಕಿಲೋಮೀಟರಿನಲ್ಲಿ 20 ಮೀಟರಿಗಿಂತ ಹೆಚ್ಚು ಏರಿತೆಂದರೆ ನೀವು ರೈಲು ದಾರಿ ಬಿಟ್ಟು ಚಕ್ಕಡಿ ದಾರಿ ಹಿಡಿದಿದ್ದೀರಿ. ಘಟ್ಟದಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ: ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ದಾರಿ 37ಕ್ಕೆ 1, ಅಂದರೆ ಕಿಲೋಮೀಟರಿಗೆ 27 ಮೀಟರ್. ಅದು ರೈಲು ಓಡುವ ಹಳಿ. ದೂಧಸಾಗರ ನೋಡುವ ನೆಪದಲ್ಲಿ ಅದರ ಮೇಲೆ ನಡೆಯುವುದಕ್ಕೆ ನಿಷೇಧವಿದೆ. ಬೆಳಗಾವಿ ಕಡೆಯ ಹುಡುಗರು ಇದನ್ನೂ ಟ್ರೆಕ್ಕಿಂಗ್ ದಾರಿ ಎಂದೇ ತಿಳಿದಿರುವುದು ನಿಲ್ಲಬೇಕು.

ಜಾಗ ಯಾರದು

ಹಳಿ ಹೋದರೂ ಜಾಗ ರೈಲ್ವೆಯದೇ ಇರಬಹುದು. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಪರವಾನಗಿ ಇಲ್ಲದೆ ಒಳಹೋದರೆ 6 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೊರಡುವ ಮೊದಲು ದಿಶಾಂಕ್ ಆ್ಯಪ್ ತೆರೆದು ಆ ಬಿಂದುವಿನ ಸರ್ವೆ ನಂಬರ್ ಬರೆದುಕೊಳ್ಳಿ, ‘ಭೂಮಿ’ ಜಾಲತಾಣದಲ್ಲಿ ಪಹಣಿ ತೆಗೆದು 9ನೇ ಕಾಲಂ ಓದಿ. ರೈತರ ಹೆಸರಿದ್ದರೆ ಅವರನ್ನೇ ಕೇಳಿ. ಬೆಳೆ ಇಲ್ಲದ ಒಡ್ಡಿನ ಮೇಲೆ ನಡೆಯಲು ಯಾರೂ ಸುಮ್ಮನೆ ಬೇಡ ಅನ್ನುವುದಿಲ್ಲ. ರೈಲ್ವೆ ಎಂದಿದ್ದರೆ ಹುಬ್ಬಳ್ಳಿ ವಿಭಾಗದ ಇಂಜಿನಿಯರಿಂಗ್ ಕಚೇರಿಗೆ ಅರ್ಜಿ ಕೊಡಬೇಕು. ದಿನ, ಜನರ ಸಂಖ್ಯೆ, ಯಾವ ಎರಡು ಸ್ಟೇಷನ್‌ಗಳ ನಡುವೆ, ಹಳೆ ಒಡ್ಡು ಈಗಿನ ಹಳಿಯಿಂದ ಎಷ್ಟು ದೂರ, ಇಷ್ಟನ್ನೂ ಬರೆದು ನಕಾಶೆ ಲಗತ್ತಿಸಿ. ನಕಾಶೆ ಇಲ್ಲದ ಅರ್ಜಿಯನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಕಾಲುವೆ ಪಕ್ಕದ ರಸ್ತೆ ನೀರಾವರಿ ನಿಗಮದ್ದು, ಅದಕ್ಕೆ ಅಲ್ಲಿನ ಉಪವಿಭಾಗ ಕಚೇರಿಯಲ್ಲಿ ಕೇಳಬೇಕು. ಖಾನಾಪುರ ತಾಲೂಕಿನ ಪಶ್ಚಿಮದ ಭೀಮಗಡ ಅಭಯಾರಣ್ಯದ ಗಡಿಯೊಳಗೆ ಅರಣ್ಯ ಇಲಾಖೆಯ ಪರವಾನಗಿ ಬೇರೆಯೇ ಬೇಕು.

ಓಡುವ ಹಳಿಯ ಪಕ್ಕದಲ್ಲೇ ಸಾಗುವ ತುಂಡನ್ನು ಬಿಟ್ಟುಬಿಡಿ. ವಿದ್ಯುತ್ ಮಾರ್ಗದ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ, ಮುಟ್ಟಬೇಕೆಂದಿಲ್ಲ, ಹತ್ತಿರ ಹೋದರೂ ಎಳೆದುಕೊಳ್ಳುತ್ತದೆ. ಕ್ಯಾಮೆರಾ ಕೋಲು, ಮೀನಿನ ಗಾಳದ ಕೋಲು ಎತ್ತಿ ಹಿಡಿದು ಸೇತುವೆ ಮೇಲೆ ನಿಲ್ಲುವುದು ಸಾವಿಗೆ ಕರೆ ಕೊಟ್ಟಂತೆ.

ಮೋರಿ, ಸೇತುವೆ, ಕಟಿಂಗ್

ಕಲ್ಲಿನ ಕಮಾನಿನ ಮೋರಿಗಳು ಸಾಮಾನ್ಯವಾಗಿ ಗಟ್ಟಿಯಾಗಿಯೇ ಉಳಿದಿರುತ್ತವೆ. ಕಬ್ಬಿಣದ ಗರ್ಡರ್ ಇದ್ದ ಕಡೆ ಅದನ್ನು ಬಿಚ್ಚಿ ಒಯ್ದಿರುತ್ತಾರೆ. ಎರಡು ಕಲ್ಲಿನ ಗೋಡೆ, ನಡುವೆ ಬರೀ ಖಾಲಿ. ಮುಂಜಾನೆ ಮಂಜಿನಲ್ಲಿ, ಹುಲ್ಲು ಬೆಳೆದಾಗ ಇದು ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಹಾಗಾಗಿ ಹೊಸ ತುಂಡನ್ನು ಮೊದಲ ಸಲ ನಡೆದೇ ನೋಡಬೇಕು, ಪ್ರತಿ ಮೋರಿಯನ್ನೂ ಫೋನಿನಲ್ಲಿ ಗುರುತು ಹಾಕಬೇಕು. ಸೈಕಲ್ ಎರಡನೇ ಸಲಕ್ಕೆ. ಕಮಾನಿನ ಮೇಲೂ ಅಂಚಿನಿಂದ ಒಂದು ಮೀಟರ್ ಒಳಗೇ ಇರಿ. ಮೇಲ್ಭಾಗದ ಕಲ್ಲನ್ನು ಮನೆಗೆ ಒಯ್ದ ಜಾಗದಲ್ಲಿ ಮಣ್ಣು ಸಡಿಲ ಇರುತ್ತದೆ.

ಗುಡ್ಡ ಕಡಿದು ಮಾಡಿದ ಕಟಿಂಗ್‌ನಲ್ಲಿ ಸಮಸ್ಯೆ ತಲೆಕೆಳಗು. ಪಕ್ಕದ ಗಟಾರ ಹೂಳು ತುಂಬಿ ಮುಚ್ಚಿರುತ್ತದೆ, ಮಳೆ ನಿಂತು ಹದಿನೈದು ದಿನವಾದರೂ ನೀರು ಇರುತ್ತದೆ. ಬೇಸಿಗೆಯಲ್ಲಿ ಅದೇ ಜಾಗ ತಂಪು, ಆ ತಂಪಿಗೆ ಹಾವೂ ಬರುತ್ತದೆ. ಕೊಳಕುಮಂಡಲ ಒಣಗಿದ ಎಲೆಯ ಮೇಲೆ ಕಣ್ಣಿಗೆ ಬೀಳುವುದೇ ಇಲ್ಲ. ಕಣಕಾಲು ಮುಚ್ಚುವ ಬೂಟು, ಕೈಯಲ್ಲಿ ಕೋಲು, ನೆಲ ತಟ್ಟುತ್ತ ನಡೆಯುವುದು. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಕಾಲು ಅಲುಗಾಡದಂತೆ ಇಟ್ಟು ನೇರವಾಗಿ ತಾಲೂಕಾ ಆಸ್ಪತ್ರೆಗೆ ಒಯ್ಯಿರಿ.

ಹಂಗಾಮು ನೋಡಿ ದಾರಿ

ನಮ್ಮ ಕಡೆ ಯಾವಾಗ ಹೋಗಬೇಕು ಎಂಬುದನ್ನು ಬಿಸಿಲಿಗಿಂತ ಹೆಚ್ಚಾಗಿ ಮಣ್ಣು ತೀರ್ಮಾನಿಸುತ್ತದೆ. ಎರೆಮಣ್ಣಿನ ಮೇಲೆ ಒಂದು ಒಳ್ಳೆ ಮಳೆ ಬಿದ್ದರೆ ಎರಡು ದಿನ ಸೈಕಲ್ ಹೊರತೆಗೆಯಬೇಡಿ. ಮಣ್ಣು ಟೈರಿಗೆ ಸುತ್ತಿ, ಬ್ರೇಕಿಗೆ ಸಿಕ್ಕಿ, ಮಡ್‌ಗಾರ್ಡ್ ಒಳಗೆ ತುಂಬಿ ಐವತ್ತು ಮೀಟರಿನಲ್ಲಿ ಚಕ್ರವೇ ನಿಲ್ಲುತ್ತದೆ. ಆಮೇಲೆ ಹೆಗಲ ಮೇಲೆ ಹೊರುವುದೇ. ಪರೀಕ್ಷೆ ಸುಲಭ: ಒಡ್ಡಿಗೆ ಹತ್ತುವ ದಾರಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ. ಉಂಡೆಯಾಗಿ ಅಂಗೈಗೆ ಅಂಟಿಕೊಂಡರೆ ಮನೆಗೆ ಹೋಗಿ, ಒಡೆದು ಉದುರಿದರೆ ಮುಂದೆ ಹೋಗಿ. ಒಡ್ಡು ಒಣಗಿದ್ದರೂ ಅದಕ್ಕೆ ಹತ್ತುವ ನೂರು ಮೀಟರ್ ಹೊಲದ ದಾರಿ ಕೆಸರಿರುವುದೇ ಹೆಚ್ಚು, ಅದಕ್ಕೇ ಡಾಂಬರು ರಸ್ತೆ ಅಡ್ಡ ಹಾಯುವ ಜಾಗದಿಂದ ಹತ್ತುವ ತುಂಡುಗಳನ್ನು ಮಳೆಗಾಲಕ್ಕೆ ಮೀಸಲಿಡಿ.

ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು. ಬಾಗಲಕೋಟೆ–ವಿಜಯಪುರ ಮಾರ್ಗ ತೆಂಕಿನಿಂದ ಬಡಗಕ್ಕೆ ಇರುವುದರಿಂದ ಗಾಳಿ ಪಕ್ಕದಿಂದ ಹೊಡೆಯುತ್ತದೆ; ಒಡ್ಡಿನ ಎತ್ತರದಲ್ಲಿ ಆಸರೆ ಇಲ್ಲ, ಮೋರಿ ಬಂದಾಗ ಇಳಿದು ತಳ್ಳಿಕೊಂಡು ದಾಟಬೇಕು. ಪೂರ್ವ–ಪಶ್ಚಿಮದ ಕಾಲುವೆ ರಸ್ತೆಯಾದರೆ ಹೋಗುವಾಗ ಗಾಳಿಗೆ ಎದುರು ಹೋಗಿ, ದಣಿದ ಮೇಲೆ ಬರುವಾಗ ಗಾಳಿ ಬೆನ್ನಿಗಿರಲಿ. ಇದೇ ತಿಂಗಳುಗಳಲ್ಲಿ ಖಾನಾಪುರ, ಲೋಂಡಾ ಕಡೆ ಜಂಬಿಟ್ಟಿಗೆ ಮಣ್ಣು ಅಂಟುವುದಿಲ್ಲ, ಆದರೆ ಕಲ್ಲಿನ ಮೇಲೆ ಪಾಚಿ, ಹುಲ್ಲಿನಲ್ಲಿ ಜಿಗಣೆ. ಉಪ್ಪು, ಸುಣ್ಣ, ಉದ್ದನೆಯ ಕಾಲುಚೀಲ ಬೇಕು.

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಒಳ್ಳೆ ಕಾಲ, ಹೇಳುವುದೇನೂ ಇಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ಬರುವ ಕೂಡು ರಸ್ತೆಗಳಲ್ಲಿ ಮಾತ್ರ ಎಚ್ಚರ. ಸೀತನಿ (ಸುಟ್ಟ ಹಸಿ ಜೋಳದ ತೆನೆ) ಕಾಲದಲ್ಲಿ ಹೋದರೆ ಹೊಲದವರು ಕರೆದು ತಿನ್ನಿಸದೆ ಬಿಡುವುದಿಲ್ಲ, ಒಂದು ತಾಸು ಹೆಚ್ಚಿಗೆ ಇಟ್ಟುಕೊಳ್ಳಿ.

ಮಾರ್ಚ್‌ನಿಂದ ಮೇವರೆಗೆ ವಿಜಯಪುರದಲ್ಲಿ 40 ಡಿಗ್ರಿ ದಾಟುವುದು ಮಾಮೂಲು. 5.30ಕ್ಕೆ ಹೊರಟು 9ಕ್ಕೆ ಮುಗಿಸಬೇಕು, ಅಂದರೆ ಸೈಕಲ್ಲಿಗೆ 25 ಕಿ.ಮೀ., ನಡಿಗೆಗೆ 10. ನೀರು ತಾಸಿಗೆ ಮುಕ್ಕಾಲು ಲೀಟರ್, ಮೇಲೊಂದು ಲೀಟರ್ ಕಾಯ್ದಿಟ್ಟದ್ದು. ಉಪ್ಪು ಹಾಕಿದ ಮಜ್ಜಿಗೆ ಬರೀ ನೀರಿಗಿಂತ ಮೇಲು. ಈ ಕಾಲಕ್ಕೆ ಒಡ್ಡಿನ ಅಂಚಿನಲ್ಲಿ ಎರೆಮಣ್ಣು ಬಿರಿದು ಉದ್ದುದ್ದ ಸೀಳುಗಳಾಗುತ್ತವೆ, ತೆಳು ಟೈರು ಒಳಗಿಳಿದರೆ ಮುಂದಕ್ಕೆ ಎಸೆಯುತ್ತದೆ. ನಡುವೆಯೇ ಓಡಿಸಿ.

ಸೈಕಲ್ಲಿಗೆ ಏನು ಬೇಕು

ದುಬಾರಿ ಸೈಕಲ್ ಬೇಡ, ಅಗಲ ಟೈರು ಬೇಕು: 38 ಮಿ.ಮೀ.ಗಿಂತ ಕಡಿಮೆ ಇರಬಾರದು, 45 ಇದ್ದರೆ ಒಳ್ಳೆಯದು. 65–70 ಕೆ.ಜಿ. ಸವಾರನಿಗೆ ಗಾಳಿ 40ರಿಂದ 45 ಪಿಎಸ್‌ಐ. ರಸ್ತೆಯ ಲೆಕ್ಕದಲ್ಲಿ 70 ತುಂಬಿದರೆ ಹಳಿಯಡಿ ಹಾಕಿ ಉಳಿದ ಖಡಿಯ (ಜಲ್ಲಿಕಲ್ಲಿನ) ಮೇಲೆ ಚಕ್ರ ಪುಟಿದು ಜಾರುತ್ತದೆ. 30ಕ್ಕೆ ಇಳಿಸಿದರೆ ಖಡಿಯ ಚೂಪಿಗೆ ರಿಮ್ ತಗಲಿ ಟ್ಯೂಬಿನಲ್ಲಿ ಜೋಡಿ ತೂತು ಬೀಳುತ್ತದೆ. ನಿಜವಾದ ಶತ್ರು ಜಾಲಿ ಮುಳ್ಳು ಮತ್ತು ನೆಗ್ಗಿಲ ಮುಳ್ಳು. ಪ್ರತಿ ಟ್ಯೂಬಿಗೆ ಸುಮಾರು 100 ಮಿ.ಲೀ. ಸೀಲಂಟ್ ಹಾಕಿಸಿ, ಒಂದು ಬಿಡಿ ಟ್ಯೂಬ್, ಪ್ಯಾಚು, ಸೊಲ್ಯೂಷನ್, ಕೈಪಂಪ್, ಚಿಕ್ಕ ಇಕ್ಕಳ ಇಟ್ಟುಕೊಳ್ಳಿ. ಮುಳ್ಳನ್ನು ಟೈರಿನ ಒಳಗಿನಿಂದ ಇಕ್ಕಳದಲ್ಲಿ ಎಳೆಯದೆ ಹೊಸ ಟ್ಯೂಬ್ ಹಾಕಿದರೆ ಹತ್ತು ನಿಮಿಷದಲ್ಲಿ ಅದೂ ಪಂಕ್ಚರ್.

ಸೈಕಲ್ ರೈಲಿನಲ್ಲಿ ಒಯ್ಯುವುದಾದರೆ ಪಾರ್ಸೆಲ್ ಕಚೇರಿ ಇರುವ ದೊಡ್ಡ ಸ್ಟೇಷನ್‌ನಲ್ಲಿ ಲಗೇಜ್ ಬುಕ್ ಮಾಡಿ, ಸಣ್ಣ ಸ್ಟೇಷನ್‌ನಲ್ಲಿ ಗಾಡಿ ಒಂದೆರಡು ನಿಮಿಷವಷ್ಟೇ ನಿಲ್ಲುತ್ತದೆ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂದು ಹೆಸರಲ್ಲಿ ರೋಡ್ ಇದ್ದರೆ ಊರು ದೂರ ಇದೆಯೆಂದೇ ಲೆಕ್ಕ. ಇಳಿದ ಕೂಡಲೇ ಊಟ ಸಿಗುತ್ತದೆ ಅಂದುಕೊಳ್ಳದೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೊರಡಿ. ತೊಂದರೆಯಾದರೆ 112. ಹತ್ತಿರದಲ್ಲಿ ಓಡುವ ಹಳಿ ಇದ್ದರೆ ವಿದ್ಯುತ್ ಕಂಬದ ಮೇಲೆ ಬರೆದ ಸಂಖ್ಯೆಯನ್ನು ದೂರದಿಂದ ಓದಿ ಹೇಳಿ, ರೈಲ್ವೆಯವರಿಗೆ ನಿಮ್ಮ ಜಾಗ ಅದರಿಂದ ತಿಳಿಯುತ್ತದೆ.

ಒಡ್ಡು ಪಂಚಾಯಿತಿಯ ಕೈಗೆ ಬಂದಿದ್ದು, ಊರವರು ಒಂದು ಕಿ.ಮೀ. ಸರಿಪಡಿಸುತ್ತೇವೆ ಅಂದರೆ ಲೆಕ್ಕ ಇಷ್ಟು. ಎರಡೂವರೆ ಮೀಟರ್ ಅಗಲ, ರೋಲರ್ ಹೊಡೆದ ಮೇಲೆ 10 ಸೆಂ.ಮೀ. ದಪ್ಪ ಬೇಕಾದರೆ 250 ಘನ ಮೀಟರ್. ಸಡಿಲ ಗರಸು ತರಿಸುವಾಗ ಸುಮಾರು 320 ಹೇಳಬೇಕು. ಮೊದಲು ಉಳಿದ ದಪ್ಪ ಖಡಿಯನ್ನು ಬದಿಗೆ ಎಳೆಯಿರಿ, ಆಮೇಲೆ ಗರಸು ಹರವಿ, ನೀರು ಹೊಡೆದು ರೋಲರ್ ಮಾಡಿ. ನಡುವೆ ಎತ್ತರ, ಅಂಚಿಗೆ 3 ಸೆಂ.ಮೀ. ಇಳಿಜಾರು ಇರಲಿ; ಸಪಾಟು ಮಾಡಿದರೆ ಮೊದಲ ಮಳೆಗೇ ಗುಂಡಿ. ಎರಡೂ ತುದಿಗೆ ಒಂದೂವರೆ ಮೀಟರ್ ಅಂತರದಲ್ಲಿ ಕಲ್ಲು ನೆಡಿ: ಗಾಲಿಕುರ್ಚಿ, ಸೈಕಲ್ ಹಾಯುತ್ತವೆ, ಟ್ರ್ಯಾಕ್ಟರ್ ಹಾಯುವುದಿಲ್ಲ. ಕಲ್ಲು ನೆಡದೆ ಬಿಟ್ಟರೆ ಒಂದೇ ಕಬ್ಬಿನ ಹಂಗಾಮಿನಲ್ಲಿ ಹಾಕಿದ ಗರಸೆಲ್ಲ ಎರಡು ಗಾಲಿ ಗುರುತಾಗಿ ಒಳಗಿಳಿಯುತ್ತದೆ.